ಅಕ್ರಾದಲ್ಲಿ ಸಂಸಾರ ಹೂಡುವ ಮೊದಲ ಮೂರು ತಿಂಗಳು

ಘಾನಾಕ್ಕೆ ಹೊರಟವರು ಟಿಕೆಟ್ಟಿಗಿಂತ ಮುಂಚೆ ಹಳದಿ ಜ್ವರದ ಚುಚ್ಚುಮದ್ದಿಗೆ ದಿನ ಗೊತ್ತು ಮಾಡಿಕೊಳ್ಳಬೇಕು. ಸೂಜಿ ಹಾಕಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಅದಕ್ಕೆ ಸಾಕ್ಷಿಯಾಗಿ ಕೊಡುವ ಹಳದಿ ಪುಸ್ತಿಕೆಗೆ ಬೆಲೆ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಇದು ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ, ಅದೂ ಕೆಲವು ಕಡೆ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಹಾಕುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು ಬರೆದಿದ್ದಾರೆಯೇ, ನಂಬರು ಸರಿಯಿದೆಯೇ, ಮೊಹರು ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. 2016ರ ಜುಲೈನಿಂದ ಒಂದೇ ಸೂಜಿ ಜೀವಮಾನಕ್ಕೆ ಸಾಕೆಂದು ನಿಯಮ ಬದಲಾಗಿದೆ. ಜನ ಎಡವುವುದು ವಾಪಸ್ ಬರುವಾಗ. ರಾಜಧಾನಿ ಅಕ್ರಾದಲ್ಲಿ ಇಳಿದ ದಿನ ತೋರಿಸಿದ ಪುಸ್ತಿಕೆಯನ್ನು ಬೀರುವಿನಲ್ಲಿ ಮರೆತು ರಜೆಗೆ ಊರಿಗೆ ಹೊರಟುಬಿಡುತ್ತಾರೆ. ಘಾನಾದಿಂದ ಬಂದವರ ಕೈಯಲ್ಲಿ ಅದಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಬೇರೆಯಾಗಿ ಇರಿಸಬಹುದು. ಪಾಸ್‌ಪೋರ್ಟ್ ಕವರಿನೊಳಗೇ ಸಿಕ್ಕಿಸಿಟ್ಟರೆ ಈ ತಾಪತ್ರಯವಿಲ್ಲ.

ಪೆಟ್ಟಿಗೆ ಕಟ್ಟುವಾಗ ಬೇಳೆಕಾಳಿಗೆ ತೂಕ ಕಳೆಯಬೇಡಿ, ಅಕ್ರಾದ ಓಸು ಕಡೆಯ ಭಾರತೀಯ ಅಂಗಡಿಗಳಲ್ಲಿ ತೊಗರಿಬೇಳೆ, ಸಾಸಿವೆ, ಇಂಗು ಎಲ್ಲ ಸಿಗುತ್ತವೆ. ಪ್ಲಗ್ಗು ಬ್ರಿಟಿಷರ ಚೌಕ ಕಾಲಿನ ಮೂರು ಪಿನ್ನಿನದು, ವೋಲ್ಟೇಜು ನಮ್ಮದೇ 230. ಮಿಕ್ಸಿಗೆ ಅಡಾಪ್ಟರ್ ಇದ್ದರೆ ಸಾಕು. ಮಿಲಿಟರಿ ಬಣ್ಣದ ಮಚ್ಚೆ ಮಚ್ಚೆ ಪ್ಯಾಂಟು, ಟೋಪಿ ಇದ್ದರೆ ಊರಲ್ಲೇ ಬಿಡಿ. ಅಲ್ಲಿ ನಾಗರಿಕರು ಅದನ್ನು ತೊಡುವುದು ಕಾನೂನಿಗೆ ವಿರುದ್ಧ, ಮಕ್ಕಳ ಬಟ್ಟೆಯಾದರೂ ಕಿರಿಕಿರಿ ತಪ್ಪಿದ್ದಲ್ಲ. ಗಡಿಯಾರ ಐದೂವರೆ ಗಂಟೆ ಹಿಂದೆ. ಊರಿಗೆ ಫೋನು ಮಾಡುವವರು ಸಂಜೆ ಕೆಲಸ ಮುಗಿಸಿ ಏಳಕ್ಕೆ ಕರೆದರೆ ಅಮ್ಮ ನಿದ್ದೆಗಣ್ಣಲ್ಲಿ ಎತ್ತುತ್ತಾರೆ.

ಮನೆ ಹುಡುಕುವುದು ಏಜೆಂಟರ ಮೂಲಕ. ಮನೆ ತೋರಿಸಲಿಕ್ಕೇ ಒಂದಿಷ್ಟು ದುಡ್ಡು, ಮನೆ ಗೊತ್ತಾದರೆ ಸಾಮಾನ್ಯವಾಗಿ ಒಟ್ಟು ಬಾಡಿಗೆಯ ನೂರಕ್ಕೆ ಹತ್ತು ಕಮಿಷನ್ನು. ಬೆಂಗಳೂರಿನಿಂದ ಬಂದವರು ‘ಅಡ್ವಾನ್ಸ್’ ಎಂಬ ಪದ ಕೇಳಿ, ಓ ಇದು ಗೊತ್ತಿರುವುದೇ ಎಂದುಕೊಳ್ಳುತ್ತಾರೆ. ಬೆಂಗಳೂರಿನ ಅಡ್ವಾನ್ಸ್ ಠೇವಣಿ. ಮನೆ ಬಿಡುವಾಗ ಸುಣ್ಣಬಣ್ಣದ ಖರ್ಚು ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಅಕ್ರಾದ ಅಡ್ವಾನ್ಸ್ ಮುಂಗಡ ಬಾಡಿಗೆ. ಒಂದು ವರ್ಷದ್ದೋ ಎರಡು ವರ್ಷದ್ದೋ ಒಟ್ಟಿಗೆ ಎಣಿಸಿ ಕೊಡುವುದು, ತಿಂಗಳು ತಿಂಗಳು ಅದರಲ್ಲೇ ಕರಗುವುದು, ವಾಪಸ್ ಬರುವ ಮಾತೇ ಇಲ್ಲ. 1963ರ ಬಾಡಿಗೆ ಕಾಯ್ದೆಯ ಪ್ರಕಾರ ಆರು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಾಯ್ದೆ ಪುಸ್ತಕದಲ್ಲಿದೆ, ಮನೆ ಮಾಲೀಕರ ಕೈಯಲ್ಲಿದೆ, ಹಾಗಾಗಿ ಮಾತುಕತೆ ಎರಡು ವರ್ಷದಿಂದ ಶುರುವಾಗಿ ಒಂದಕ್ಕೆ ಇಳಿದರೆ ಗೆದ್ದಂತೆ. ಕೆಲಸ ಕೊಟ್ಟ ಕಂಪನಿಯ ಜೊತೆ ಈ ದುಡ್ಡಿನ ಮಾತು ಭಾರತದಲ್ಲಿರುವಾಗಲೇ ಆಗಿರಬೇಕು. ಸಂಬಳ ಶುರುವಾಗುವ ಮುಂಚೆ ಹನ್ನೆರಡು ತಿಂಗಳ ಬಾಡಿಗೆ ಹೊಂದಿಸುವುದು ಯಾರಿಗೂ ಹೂವೆತ್ತಿದಷ್ಟು ಸುಲಭವಲ್ಲ.

ಮನೆಯ ಬಗೆಗಳಿಗೆ ಅಲ್ಲಿನದೇ ಹೆಸರುಗಳಿವೆ. ‘ಚೇಂಬರ್ ಅಂಡ್ ಹಾಲ್’ ಎಂದರೆ ಒಂದು ಮಲಗುವ ಕೋಣೆ, ಒಂದು ಹಜಾರ. ಅದಕ್ಕೆ ‘ಸೆಲ್ಫ್ ಕಂಟೇನ್ಡ್’ ಎಂದು ಸೇರಿಸಿದ್ದರೆ ಬಚ್ಚಲು, ಅಡುಗೆಮನೆ ಒಳಗೇ ಇದೆ. ಆ ಮಾತಿಲ್ಲದಿದ್ದರೆ ಅಂಗಳದಲ್ಲಿ ಎಲ್ಲರ ಜೊತೆ ಹಂಚಿಕೊಳ್ಳಬೇಕು. ‘ಕಾಂಪೌಂಡ್ ಹೌಸ್’ ನಮ್ಮ ವಠಾರವೇ. ನೋಡಲು ಹೋದಾಗ ಗೋಡೆಯ ಬಣ್ಣಕ್ಕಿಂತ ಮೊದಲು ಕರೆಂಟಿನ ಮೀಟರು ಯಾರ ಹೆಸರಲ್ಲಿದೆ, ಬೇರೆ ಮನೆಗೂ ಅದರಿಂದ ವೈರು ಹೋಗಿದೆಯೇ ಎಂದು ನೋಡಿ. ಮೀಟರು ಪ್ರೀಪೇಯ್ಡ್, ಮೊದಲು ದುಡ್ಡು ತುಂಬಿ ಆಮೇಲೆ ಉರಿಸುವುದು. ಇಬ್ಬರು ಹಂಚಿಕೊಂಡ ಮೀಟರಿನಲ್ಲಿ ಯಾರ ಫ್ರಿಜ್ಜು ಎಷ್ಟು ತಿಂದಿತು ಎಂಬ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ. ಕಿಟಕಿ ಗಾಜಿನ ಪಟ್ಟಿಗಳದಾಗಿದ್ದರೆ ಪಟ್ಟಿಗಳ ಸಂದಿಯಲ್ಲಿ ಸೊಳ್ಳೆಗೆ ರಾಜಮಾರ್ಗ, ಪರದೆ ಹಾಕಿಸಿಕೊಡಲು ಒಪ್ಪಂದದ ಮುಂಚೆಯೇ ಕೇಳಿ. ಹೊರಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಕಂದು ಗೆರೆ ಕಂಡರೆ ಅದು ಕಳೆದ ಜೂನಿನ ನೀರು ನಿಂತ ಗುರುತು. ಅಕ್ರಾದಲ್ಲಿ ಬೀಳುವ ಮಳೆ ಮಲೆನಾಡಿನವರು ನಗುವಷ್ಟು ಕಡಿಮೆ, ಆದರೆ ಚರಂಡಿ ಕಟ್ಟಿಕೊಂಡ ಊರಿನಲ್ಲಿ ಒಂದೇ ರಾತ್ರಿಯ ಮಳೆ ಸಾಕು. 2015ರ ಜೂನ್ 3ರ ರಾತ್ರಿ ಊರ ನಡುವಿನ ಕ್ವಾಮೆ ಎನ್‌ಕ್ರುಮಾ ಸರ್ಕಲ್ ಬಳಿ ನೆರೆಯ ಜೊತೆಗೆ ಪೆಟ್ರೋಲ್ ಬಂಕಿಗೂ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಊರು ಇನ್ನೂ ಮರೆತಿಲ್ಲ.

ನೀರಿಗೆ ಕಪ್ಪು ಪಾಲಿಟ್ಯಾಂಕು. ನಲ್ಲಿ ಯಾವ ದಿನ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ. ಟ್ಯಾಂಕು ನೆಲದ ಮೇಲಿದ್ದು ಪಂಪಿನಿಂದ ನೀರು ಏರಬೇಕಾದರೆ ಕರೆಂಟು ಹೋದಾಗ ನೀರೂ ಹೋಗುತ್ತದೆ, ಎತ್ತರದ ಕಟ್ಟೆಯ ಮೇಲಿದ್ದರೆ ಆ ಗೋಳಿಲ್ಲ. ಕರೆಂಟು ಹೋಗಿಬರುವ ಆಟಕ್ಕೆ ಅಲ್ಲಿ ‘ದುಮ್ಸೊ’ ಎಂದು ಹೆಸರು. ಟ್ವಿ ಭಾಷೆಯಲ್ಲಿ ದುಮ್ ಎಂದರೆ ಆರಿಸು, ಸೊ ಎಂದರೆ ಹೊತ್ತಿಸು. 2012ರಿಂದ 2015ರವರೆಗೆ ಅದು ಉಸಿರುಗಟ್ಟಿಸಿತ್ತು. ಈಗ ಅಷ್ಟಿಲ್ಲ, ಪೂರ್ತಿ ಬಿಟ್ಟೂ ಹೋಗಿಲ್ಲ. ಕುಡಿಯಲು ಅರ್ಧ ಲೀಟರಿನ ಪ್ಲಾಸ್ಟಿಕ್ ಪೊಟ್ಟಣ, ಹೆಸರು ‘ಪ್ಯೂರ್ ವಾಟರ್’. ಮನೆಗೆ ಮೂವತ್ತರ ಚೀಲ ತರಿಸುವುದು. ಮೂಲೆಯನ್ನು ಹಲ್ಲಿನಿಂದ ಚೂರೇ ಕಚ್ಚಿ ಹೀರಬೇಕು. ದೊಡ್ಡದಾಗಿ ಹರಿದರೆ ಅಂಗಿಗೇ ಅಭಿಷೇಕ.

ಸಿಮ್ ಕೊಂಡ ದಿನವೇ ಮೊಬೈಲ್ ಮನಿ ತೆರೆಸಿ. ಎಲ್ಲರ ಬಾಯಲ್ಲೂ ಅದು ‘ಮೊಮೊ’. ನಮ್ಮ ಯುಪಿಐ ಬ್ಯಾಂಕ್ ಖಾತೆಗೆ ಅಂಟಿಕೊಂಡಿದೆ; ಮೊಮೊ ಫೋನ್ ನಂಬರಿಗೇ ಅಂಟಿದ ಪರ್ಸು, ಬ್ಯಾಂಕು ಬೇಕೇ ಇಲ್ಲ. ಹಳದಿ ಕೊಡೆಯಡಿಯ ಏಜೆಂಟರ ಬಳಿ ನಗದು ಕೊಟ್ಟರೆ ಪರ್ಸಿಗೆ ಬೀಳುತ್ತದೆ. ಎಂಟಿಎನ್ ಕಂಪನಿಯ ನಂಬರಾದರೆ *170# ಒತ್ತಿದಾಗ ಪಟ್ಟಿ ಬರುತ್ತದೆ, ಬಟನ್ ಫೋನಿನಲ್ಲೂ ನಡೆಯುತ್ತದೆ. ಮೋಸದ ಮಾಮೂಲಿ ದಾರಿ ಇದು: ದುಡ್ಡು ಬಂದಿದೆ ಎಂಬ ಸುಳ್ಳು ಮೆಸೇಜು, ಹಿಂದೆಯೇ ‘ತಪ್ಪಿ ನಿಮಗೆ ಬಂತು, ದಯವಿಟ್ಟು ಕಳಿಸಿ’ ಎಂಬ ಅಳುದನಿಯ ಕರೆ. ಮೆಸೇಜು ನಂಬಬೇಡಿ, ಬಾಕಿ ಎಷ್ಟಿದೆ ಎಂದು ಪಟ್ಟಿಯಿಂದಲೇ ನೋಡಿ. ಬಹಳ ದಿನ ಇರುವ ವಿದೇಶಿಯರಿಗೆ ವಾಸದ ಪರವಾನಗಿಯಾದ ಮೇಲೆ ವಿದೇಶಿಯರ ಘಾನಾ ಕಾರ್ಡ್ ಮಾಡಿಸಬೇಕು. ಬ್ಯಾಂಕು, ಸಿಮ್ಮು ಎಲ್ಲಕ್ಕೂ ಕೊನೆಗೆ ಅದನ್ನೇ ಕೇಳುತ್ತಾರೆ. ಅದಕ್ಕೆ ವರ್ಷ ವರ್ಷ ನವೀಕರಣವಿದೆ, ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಇಷ್ಟೆಲ್ಲ ಕೆಲಸ ಆಗುವುದೂ ಬಿಡುವುದೂ ಒಂದು ಸಣ್ಣ ವಿಷಯದ ಮೇಲೆ ನಿಂತಿದೆ. ಕೌಂಟರಿಗೆ ಹೋದವರೇ ‘ಒಂದು ರೀಚಾರ್ಜ್ ಕೊಡಿ’ ಎಂದು ಶುರು ಮಾಡಿದರೆ ಅಲ್ಲಿ ಕೂತ ಹೆಂಗಸು ತಲೆ ಎತ್ತುವುದಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಇದು ಒರಟುತನವಲ್ಲ, ಅಕ್ರಾದಲ್ಲಿ ಹೌದು. ಮೊದಲು ನಮಸ್ಕಾರ: ಬೆಳಿಗ್ಗೆಯಾದರೆ ‘ಮಾಚೆ’, ಮಧ್ಯಾಹ್ನ ‘ಮಾಹಾ’, ಸಂಜೆ ‘ಮಾಜೊ’. ಅವರು ‘ಎಟೆ ಸೆನ್?’ ಎಂದು ಹೇಗಿದ್ದೀರಿ ಕೇಳುತ್ತಾರೆ, ‘ಎಯೆ’ ಎಂದರೆ ಚೆನ್ನಾಗಿದ್ದೇನೆ. ಆಮೇಲೆ ಕೆಲಸದ ಮಾತು, ಅದರ ಮುಂದೆ ಒಂದು ‘ಪ್ಲೀಸ್’. ಇಂಗ್ಲಿಷಿನಲ್ಲಿ ಉತ್ತರಿಸುವಾಗಲೂ ‘ಪ್ಲೀಸ್, ಯೆಸ್’, ‘ಪ್ಲೀಸ್, ನೋ’. ಕೋಣೆಯಲ್ಲಿ ಐದಾರು ಜನ ಕೂತಿದ್ದರೆ ಬಲಗಡೆಯಿಂದ ಶುರು ಮಾಡಿ ಒಬ್ಬೊಬ್ಬರಿಗೂ ಕೈ ಕೊಡಬೇಕು, ನಡುವಿನಲ್ಲಿ ಪರಿಚಯದವರಿದ್ದಾರೆಂದು ಮೊದಲು ಅವರತ್ತ ನುಗ್ಗಿದರೆ ಉಳಿದವರಿಗೆ ಅವಮಾನ. ಎಡಗೈಯ ವಿಷಯ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ, ಆದರೆ ಅಲ್ಲಿ ಇನ್ನೂ ಬಿಗಿ: ಎಡಗೈಯಿಂದ ದುಡ್ಡು ಕೊಡುವುದಷ್ಟೇ ಅಲ್ಲ, ದಾರಿ ತೋರಿಸುವುದು, ಕೈ ಬೀಸುವುದೂ ಬೇಡ. ಬಲಗೈ ತುಂಬಾ ಸಾಮಾನಿದ್ದರೆ ‘ಸಾರಿ ಫಾರ್ ಲೆಫ್ಟ್’ ಎಂದು ಹೇಳಿ ಕೊಡಿ.

ಅಲ್ಲಿನ ಇಂಗ್ಲಿಷಿನ ಕೆಲವು ಮಾತು ಕನ್ನಡದವರಿಗೆ ಬೇಗ ಹತ್ತುತ್ತದೆ. ಎದ್ದು ಹೊರಗೆ ಹೋಗುತ್ತಾ ‘ಐ ಆ್ಯಮ್ ಕಮಿಂಗ್’ ಎನ್ನುತ್ತಾರೆ. ಬೇರೆ ದೇಶದವರು ಕಕ್ಕಾಬಿಕ್ಕಿ. ನಮಗೆ ‘ಬರ್ತೀನಿ’ ಎಂದರೆ ಹೊರಟರು ಎಂದು ಗೊತ್ತಿದೆಯಲ್ಲ. ಊಟ ಮಾಡುತ್ತಿರುವವರು ನಿಮ್ಮನ್ನು ಕಂಡು ‘ಯು ಆರ್ ಇನ್ವೈಟೆಡ್’ ಎಂದರೆ ಅದು ನಮ್ಮ ‘ಬನ್ನಿ, ಊಟ ಮಾಡೋಣ’. ‘ಥ್ಯಾಂಕ್ಯೂ’ ಎಂದು ಮುಂದೆ ಹೋಗುವುದು ರೂಢಿ. ನೀವು ಎಡವಿದಾಗ ದೂರದಲ್ಲಿದ್ದವರು ‘ಸಾರಿ!’ ಎಂದರೆ ಅವರ ತಪ್ಪೇನಿಲ್ಲ, ಅದು ‘ಅಯ್ಯೋ ಪಾಪ’. ನಿಮ್ಮ ಹುಟ್ಟಿದ ವಾರ ತಿಳಿದುಕೊಂಡು ಹೋಗಿ, ಕೇಳುತ್ತಾರೆ. ಟ್ವಿ ಮಾತಾಡುವ ಅಕಾನ್ ಜನರಲ್ಲಿ ವಾರಕ್ಕೊಂದು ಹೆಸರು: ಶುಕ್ರವಾರದ ಗಂಡು ಕೋಫಿ, ಹೆಣ್ಣು ಅಫುವಾ; ಶನಿವಾರದವರು ಕ್ವಾಮೆ, ಅಮಾ; ಸೋಮವಾರದವರು ಕೋಜೋ, ಅಜೋವಾ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಇಬ್ಬರ ಹೆಸರಲ್ಲೂ ಹುಟ್ಟಿದ ದಿನವಿದೆ. ‘ಮಂಜುನಾಥ’ ಬಾಯಿಗೆ ಬಾರದ ಸಹೋದ್ಯೋಗಿಗಳು ಒಂದೇ ವಾರದಲ್ಲಿ ನಿಮ್ಮನ್ನು ಯಾವ್ ಎಂದು ಕರೆಯತೊಡಗುತ್ತಾರೆ. ಅಂದರೆ ನೀವು ಗುರುವಾರ ಹುಟ್ಟಿದವರು.

ಓಡಾಟಕ್ಕೆ ಟ್ರೋಟ್ರೋ. ಹಳೆಯ ವ್ಯಾನು, ಸಾಲಿನ ಕೊನೆಗೆ ಮಡಚುವ ಸೀಟು, ಬಾಗಿಲಲ್ಲಿ ನೇತಾಡುವ ‘ಮೇಟ್’, ಅಂದರೆ ಕಂಡಕ್ಟರು. ನಿಲ್ದಾಣದಲ್ಲಾದರೆ ಸೀಟು ತುಂಬುವವರೆಗೆ ಹೊರಡುವುದಿಲ್ಲ. ರಸ್ತೆಬದಿ ನಿಂತರೆ ಮೇಟ್ ಕೂಗುವುದನ್ನು ಕೇಳಿಸಿಕೊಳ್ಳಬೇಕು. ‘ಸರ್ಕ್ ಸರ್ಕ್ ಸರ್ಕ್’ ಎಂದರೆ ಕ್ವಾಮೆ ಎನ್‌ಕ್ರುಮಾ ಸರ್ಕಲ್. ಕೂಗು ಕೇಳದಷ್ಟು ದೂರದಿಂದ ಬೆರಳು ಕೆಳಗೆ ಮಾಡಿ ಸುತ್ತು ತಿರುಗಿಸಿದರೂ ಸರ್ಕಲ್ಲೇ. ದುಡ್ಡು ಹತ್ತುವಾಗ ಕೊಡುವುದಲ್ಲ. ಗಾಡಿ ಸ್ವಲ್ಪ ದೂರ ಹೋದ ಮೇಲೆ ಮೇಟ್ ಹಿಂದೆ ತಿರುಗುತ್ತಾನೆ, ಸಾಲಿನವರು ಕೈಯಿಂದ ಕೈಗೆ ದಾಟಿಸುತ್ತಾರೆ. ಚಿಲ್ಲರೆ ತಕ್ಷಣ ಬರುವುದಿಲ್ಲ, ಇಳಿಯುವ ಮುಂಚೆ ನೆನಪಿಸಿ. ದೊಡ್ಡ ನೋಟು ಬೆಳ್ಳಂಬೆಳಿಗ್ಗೆ ತೆಗೆದರೆ ಇಡೀ ಗಾಡಿಯ ಗೊಣಗಾಟ ಕೇಳಬೇಕು. ಇಳಿಯಲು ‘ಬಸ್ ಸ್ಟಾಪ್’ ಎಂದು ಸ್ವಲ್ಪ ಮೊದಲೇ ಗಟ್ಟಿಯಾಗಿ ಹೇಳಬೇಕು, ಮೆಲ್ಲಗೆ ಹೇಳಿದರೆ ಮುಂದಿನ ನಿಲ್ದಾಣವೇ ಗತಿ. ಮಡಚು ಸೀಟಿನಲ್ಲಿ ಕೂತವರು ಹಿಂದಿನವರು ಇಳಿಯುವಾಗಲೆಲ್ಲ ಎದ್ದು ಇಳಿದು ಮತ್ತೆ ಹತ್ತಬೇಕು. ಟ್ಯಾಕ್ಸಿಗೆ ಮೀಟರಿಲ್ಲ. ನೀವೊಬ್ಬರೇ ಹೋಗುವುದಕ್ಕೆ ‘ಡ್ರಾಪಿಂಗ್’ ಎನ್ನುತ್ತಾರೆ; ಆ ಪದ ಬಾಯಿಂದ ಬಂದರೆ ನಾಲ್ಕು ಜನರ ಬಾಡಿಗೆ ನಿಮ್ಮದೇ. ಹತ್ತುವ ಮುಂಚೆ ರೇಟು ಆಗಲೇಬೇಕು.

ಸಂತೆಗೆ ಮಕೋಲಾ, ಕನೇಶಿ, ಮದೀನಾ. ತಕ್ಕಡಿ ಕಡಿಮೆ, ಟೊಮೇಟೊ, ಮೆಣಸಿನಕಾಯಿಗೆ ಗುಡ್ಡೆ, ಕಾಳಿಗೆ ‘ಓಲೊಂಕಾ’ ಎಂಬ ಡಬ್ಬಿ. ಅಜ್ಜಿಯ ಕಾಲದ ಸೇರು, ಪಾವು ನೆನಪಿದ್ದವರಿಗೆ ಇದು ಹೊಸದಲ್ಲ. ಮೆಕ್ಕೆಜೋಳವಾದರೆ ಒಂದು ಓಲೊಂಕಾ ಸುಮಾರು ಎರಡೂವರೆ ಕಿಲೋ. ಡಬ್ಬಿಯ ತಳ ನೋಡಿ: ಒಳಕ್ಕೆ ಗುದ್ದಿ ಉಬ್ಬಿಸಿದ್ದರೆ ಒಂದು ಹಿಡಿ ಕಾಳು ಹೋಯಿತು. ಬೆಲೆಗೆ ‘ಎಯೆ ಸೆನ್?’, ಇಳಿಸಲು ‘ಟೆ ಸೊ ಕಕ್ರಾ’, ಅಂದರೆ ಸ್ವಲ್ಪ ಕಡಿಮೆ ಮಾಡಿ. ಗುಡ್ಡೆಯ ಬೆಲೆ ಹೆಚ್ಚು ಇಳಿಯುವುದಿಲ್ಲ, ಅದರ ಮೇಲೆ ಕೊಸರು ಬರುತ್ತದೆ. ನಮ್ಮ ಕೊಸರಿಗೆ ಅಲ್ಲಿ ‘ಎನ್‌ಟೊಸೊ’. ದುಡ್ಡು ಕೊಟ್ಟ ಮೇಲೆ ‘ಟೊ ಸೊ’ ಎಂದು ನಗುತ್ತಾ ಕೇಳಿದರೆ ಎರಡು ಟೊಮೇಟೊ ಚೀಲಕ್ಕೆ ಬೀಳುತ್ತವೆ. ಕೇಳದೆ ನೀವೇ ಎತ್ತಿ ಹಾಕಿಕೊಂಡರೆ ಬೈಗುಳ ಬೀಳುತ್ತದೆ. ವಯಸ್ಸಾದವರು ‘ಒಂದು ಮಿಲಿಯನ್’ ಎಂದರೆ ಗಾಬರಿಯಾಗಬೇಡಿ. 2007ರ ಜುಲೈನಲ್ಲಿ ಅಲ್ಲಿನ ಹಣವಾದ ಸೆಡಿಯನ್ನು ಬದಲಿಸಿ, ಹತ್ತು ಸಾವಿರ ಹಳೆಯ ಸೆಡಿಗೆ ಒಂದು ಹೊಸ ಸೆಡಿ ಬಂತು, ಅವರ ನಾಲಿಗೆ ಇನ್ನೂ ಹಳೆಯದರಲ್ಲಿದೆ: ಮಿಲಿಯನ್ ಎಂದರೆ ನೂರು ಸೆಡಿ.

ಸಸ್ಯಾಹಾರಿಗಳು ಮೋಸ ಹೋಗುವುದು ಇಲ್ಲಿ. ‘ಮಾಂಸ ಬೇಡ’ ಎಂದರೆ ಮೀನು ಹಾಕಿಕೊಡುತ್ತಾರೆ. ‘ಮೀನೂ ಬೇಡ’ ಎಂದರೆ ತುಂಡು ತೆಗೆದು ಅದೇ ಸಾರು ಬಡಿಸುತ್ತಾರೆ. ಕಪ್ಪಗೆ ಹೊಳೆಯುವ ‘ಶಿಟೊ’ ಚಟ್ನಿಯಲ್ಲಿ ಒಣಮೀನು, ಸಿಗಡಿ ಪುಡಿ ಇರುತ್ತದೆ. ಕೆಸುವಿನ ಸೊಪ್ಪಿನ ಬಳಗದ ‘ಕೊಂಟೊಮಿರೆ’ ಪಲ್ಯ ನೋಡಿ ಪತ್ರೊಡೆ ನೆನಪಾದ ಕರಾವಳಿಯವರು ಕೈ ಹಾಕುವ ಮುಂಚೆ ಕೇಳಲಿ, ಉಪ್ಪುಮೀನು ಇಲ್ಲದ ಕೊಂಟೊಮಿರೆ ಅಪರೂಪ. ಧೈರ್ಯವಾಗಿ ತಿನ್ನಬಹುದಾದದ್ದು ಬೆಳಗಿನ ‘ಕೊಸೆ’, ಅಂದರೆ ಅಲಸಂದೆ ರುಬ್ಬಿ ಕರಿದ ವಡೆ. ಜೊತೆಗೆ ಶುಂಠಿ, ಲವಂಗ ಹಾಕಿದ ಸಜ್ಜೆಯ ಅಂಬಲಿ, ‘ಹೌಸಾ ಕೊಕೊ’. ಅಕ್ಕಿ, ಅಲಸಂದೆ ಸೇರಿಸಿ ಜೋಳದ ಎಲೆಯಿಂದ ಕೆಂಪು ಬರಿಸಿದ ‘ವಾಚೆ’ ಬರೀ ಅನ್ನದಷ್ಟಕ್ಕೆ ಸಸ್ಯಾಹಾರ, ಮೇಲೆ ಸುರಿಯುವುದಕ್ಕೆ ಮಾತ್ರ ಕೈ ಅಡ್ಡ ಹಿಡಿಯಿರಿ. ಸುಟ್ಟ ಬಾಳೆಕಾಯಿ, ಕಡಲೆಕಾಯಿ ಬೀದಿ ಬೀದಿಯಲ್ಲಿ ಸಿಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಬಾಂಕು ಕಲಿಯಿರಿ, ಮುದ್ದೆ ತಿರುವಿದ ಕೈಗೆ ಬೇಗ ಬರುತ್ತದೆ. ಸಂತೆಯಲ್ಲಿ ಎರಡು ಮೂರು ದಿನ ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಉಂಡೆ, ಮರಗೆಣಸಿನ ಹಿಟ್ಟಿನ ಉಂಡೆ ಬೇರೆ ಬೇರೆ ಸಿಗುತ್ತವೆ. ಇಬ್ಬರಿಗೆ ಜೋಳದ್ದು ಎರಡು ಲೋಟ, ಗೆಣಸಿನದು ಒಂದು ಲೋಟ, ಒಂದು ಚಮಚ ಉಪ್ಪು. ಮುದ್ದೆಗೆ ಕುದಿಯುವ ಎಸರಿಗೆ ಹಿಟ್ಟು ಸುರಿಯುತ್ತೇವೆ. ಬಾಂಕುವಿಗೆ ಹಾಗೆ ಮಾಡಿದರೆ ಗಂಟೋ ಗಂಟು. ತಣ್ಣೀರಿನಲ್ಲೇ ಎರಡೂ ಹಿಟ್ಟನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಬೇಕಾದರೆ ಸೋಸಿ, ಆಮೇಲೆ ಒಲೆಗೆ. ನಡು ಉರಿ. ಮೊದಲ ಐದು ನಿಮಿಷ ಏನೂ ಆಗದಂತೆ ಕಾಣುತ್ತದೆ, ಅಲ್ಲಿ ಕೈ ಬಿಟ್ಟವರ ತಳ ಹಿಡಿಯುತ್ತದೆ. ಗಟ್ಟಿಯಾಗತೊಡಗಿದ ಮೇಲೆ ಮರದ ಚಪ್ಪಟೆ ಹುಟ್ಟಿನಿಂದ ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತನ್ನತ್ತ ಮಡಚಬೇಕು. ಪಾತ್ರೆ ತಿರುಗದಂತೆ ಒಲೆಗೆ ಕಬ್ಬಿಣದ ಚೌಕಟ್ಟು ಹಾಕಿ ಕಾಲಲ್ಲಿ ಒತ್ತಿ ಹಿಡಿಯುವುದನ್ನು ‘ಚಾಪ್ ಬಾರ್’ ಎಂಬ ಸಣ್ಣ ಊಟದ ಹೋಟೆಲುಗಳಲ್ಲಿ ನೋಡಬಹುದು. ಹಳ್ಳಿಯಲ್ಲಿ ಮುದ್ದೆಕೋಲಿನ ಜೊತೆ ಕವೆಕೋಲು ಬಳಸುವವರಿಗೆ ಉಪಾಯ ಹೊಸದಲ್ಲ. ಅರ್ಧ ಲೋಟ ನೀರು ಸುತ್ತ ಬಿಟ್ಟು, ಮುಚ್ಚಿ, ನಾಲ್ಕೈದು ನಿಮಿಷ ಹಬೆಯಲ್ಲಿ ಬೇಯಿಸಿ ಮತ್ತೆ ನಾದಬೇಕು. ಈ ಹಬೆ ತಪ್ಪಿಸಿದರೆ ಹೊರಗೆ ನುಣುಪು, ಒಳಗೆ ಹಸಿಹಿಟ್ಟಿನ ವಾಸನೆ, ರಾತ್ರಿ ಹೊಟ್ಟೆಯುಬ್ಬರ. ಒಟ್ಟು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಹಿಟ್ಟಿನ ಬಿಳಿ ಹೋಗಿ ಮಂಕು ಹೊಳಪು ಬಂದು, ಒದ್ದೆ ಬೆರಳಿಗೆ ಅಂಟದಿದ್ದರೆ ಆಯಿತು. ಒದ್ದೆ ಬಟ್ಟಲಲ್ಲಿ ಹೊರಳಿಸಿ ಉಂಡೆ ಮಾಡಿ. ಬೆಂಡೆಕಾಯಿ ಗೊಜ್ಜಿನ ಜೊತೆ, ಅಥವಾ ಒಳಗೆ ಗೀರುಗಳಿರುವ ‘ಅಸಂಕಾ’ ಮಣ್ಣಿನ ಬಟ್ಟಲಲ್ಲಿ ಮರದ ಗುಂಡಿನಿಂದ ಅರೆದ ಟೊಮೇಟೊ ಮೆಣಸಿನಕಾಯಿ ಜೊತೆ. ಫುಫು ಇದರ ನೆಂಟ, ಬೇಯಿಸಿದ ಮರಗೆಣಸು, ಬಾಳೆಕಾಯಿ ಒರಳಲ್ಲಿ ಕುಟ್ಟಿದ್ದು. ಅದನ್ನು ಅಗಿದರೆ ಎದುರಿಗಿದ್ದವರು ನಗುತ್ತಾರೆ. ಬಲಗೈಯಿಂದ ಮುರಿ, ಅದ್ದು, ನುಂಗು. ಮಂಡ್ಯ, ತುಮಕೂರಿನವರು ಮೊದಲ ದಿನವೇ ಶಭಾಸ್ ಅನ್ನಿಸಿಕೊಳ್ಳುತ್ತಾರೆ.

ಜ್ವರ ಬಂದರೆ ಒಂದು ದಿನ ಕಾದು ನೋಡುವ ಅಭ್ಯಾಸ ಬಿಡಬೇಕು. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಮ್, ಮಿದುಳಿಗೆ ಏರುವ ಜಾತಿಯದು. ಅದೇ ದಿನ ರಕ್ತ ಪರೀಕ್ಷೆ, ಬಂದಿದ್ದರೆ ಮೂರು ದಿನದ ಗುಳಿಗೆಯ ಪಟ್ಟಿಯನ್ನು ಪೂರ್ತಿ ಮುಗಿಸಬೇಕು, ಜಿಡ್ಡಿನ ಊಟದ ಜೊತೆ. ಎರಡನೇ ದಿನ ಹಗುರವಾಯಿತೆಂದು ನಿಲ್ಲಿಸಿದವರೇ ಮತ್ತೆ ಮಲಗುವುದು. ರಜೆಗೆ ಊರಿಗೆ ಬಂದಾಗ ಜ್ವರವಾದರೆ ವೈದ್ಯರಿಗೆ ಮೊದಲ ಮಾತು ‘ಘಾನಾದಿಂದ ಬಂದಿದ್ದೇನೆ’ ಎಂದಿರಲಿ.

ಮೂರು ತಿಂಗಳೊಳಗೆ ಒಂದಾದರೂ ಸಾವಿನ ಕರೆ ಬರುತ್ತದೆ: ಸಹೋದ್ಯೋಗಿಯ ಅಪ್ಪ, ಮಾಲೀಕರ ಅತ್ತೆ. ಅಂತ್ಯಕ್ರಿಯೆ ಸತ್ತು ಕೆಲವು ವಾರಗಳಾದ ನಂತರ, ಹೆಚ್ಚಾಗಿ ಶನಿವಾರ. ದೇಹ ಅಲ್ಲಿವರೆಗೆ ಶವಾಗಾರದಲ್ಲಿ, ಫೋಟೋ ಹಾಕಿದ ಪೋಸ್ಟರು ಊರಿನ ಗೋಡೆಗಳಲ್ಲಿ. ಕಪ್ಪು ಬಟ್ಟೆ ಸಾಕು; ಕೆಂಪು ಹತ್ತಿರದ ಬಂಧುಗಳಿಗೆ, ತುಂಬು ವಯಸ್ಸಿನವರ ಸಾವಾದರೆ ಕಪ್ಪು-ಬಿಳಿ ಮುದ್ರೆಯ ಬಟ್ಟೆ. ಶಾಮಿಯಾನದಡಿ ಸಾಲಾಗಿ ಕೂತವರಿಗೆ ಬಲದಿಂದ ಕೈ ಕೊಡುತ್ತಾ ಹೋಗಿ, ಕೂತ ಮೇಲೆ ನೀರು ಬರುತ್ತದೆ, ಆಮೇಲಷ್ಟೇ ಬಂದ ಕಾರಣ ಕೇಳುತ್ತಾರೆ. ಮನೆಗೆ ಭೇಟಿ ಕೊಟ್ಟರೂ ಕ್ರಮ ಇದೇ, ನಮ್ಮ ನೀರು-ಬೆಲ್ಲದಂತೆ. ಬಾಗಿಲಲ್ಲೇ ವಿಷಯ ಹೇಳಿಬಿಡಬೇಡಿ. ಮೇಜಿನ ಬಳಿ ಮುಯ್ಯಿ ಕೊಡಬೇಕು, ‘ಎನ್ಸಾವಾ’. ಹೆಸರು, ಮೊತ್ತ ಬರೆದು ರಸೀದಿ ಹರಿದು ಕೊಡುತ್ತಾರೆ, ಮೈಕಿನಲ್ಲಿ ಓದುತ್ತಾರೆ. ಕಚೇರಿಯವರೆಲ್ಲ ಸೇರಿ ಕೊಡುವುದಾದರೆ ನಿಮ್ಮ ಪಾಲನ್ನು ಶುಕ್ರವಾರವೇ ಮುಟ್ಟಿಸಿ. ಹಾಡು, ಕುಣಿತ, ಊಟದ ಪೊಟ್ಟಣ ಎಲ್ಲ ಇರುತ್ತದೆ, ಮುಖ ಸಣ್ಣಗೆ ಮಾಡಿಕೊಂಡು ಕೂರುವ ಅಗತ್ಯವಿಲ್ಲ. ಹೊರಡುವಾಗ ಸುಮ್ಮನೆ ಎದ್ದು ನಡೆಯುವಂತಿಲ್ಲ. ಹಿರಿಯರೊಬ್ಬರ ಬಳಿ ಹೋಗಿ ‘ಮೆಸ್ರೆ ಕ್ವಾನ್’, ದಾರಿ ಬೇಡುತ್ತೇನೆ, ಎನ್ನಬೇಕು. ಅವರು ತಲೆಯಾಡಿಸಿ ದಾರಿ ಕೊಟ್ಟ ಮೇಲೆ ಮತ್ತೊಮ್ಮೆ ಕೈ ಕುಲುಕಿ ಹೊರಡಿ. ಅಂದು ಸಿಗುವ ಟ್ರೋಟ್ರೋಗಳೆಲ್ಲ ಕಪ್ಪುಬಟ್ಟೆಯವರಿಂದ ತುಂಬಿರುತ್ತವೆ, ಹಾಗಾಗಿ ನಾಲ್ಕು ಗಂಟೆಯೊಳಗೆ ದಾರಿ ಬೇಡಿದರೆ ಸೀಟು ಸಿಗುತ್ತದೆ.